ನಶೆ ಬಿಟ್ಟವರ ಮೊದಲ ತೊಂಬತ್ತು ದಿನ: ವಾಳೂಜ್ ಕೊಡುತ್ತಿರುವ ಮುನ್ಸೂಚನೆ

2023ರ ಅಕ್ಟೋಬರ್ ತಿಂಗಳು ಮಹಾರಾಷ್ಟ್ರದ ಪತ್ರಿಕೆಗಳ ಮುಖಪುಟವನ್ನು ಮೆಫೆಡ್ರೋನ್ ಎಂಬ ಮಾದಕವಸ್ತು ಆಳಿತ್ತು. ಮುಂಬೈಯ ಸಾಕಿನಾಕಾ ಠಾಣೆಯ ಪೊಲೀಸರು ತಿಂಗಳ ಮೊದಲ ವಾರ ನಾಸಿಕ್ ಪಕ್ಕದ ಶಿಂದೆ ಗ್ರಾಮದ ಕಾರ್ಖಾನೆಗೆ ನುಗ್ಗಿದರು. ಆ ಜಾಲದಿಂದ ಹಿಡಿದ ಮಾಲು ಸುಮಾರು 150 ಕಿಲೋ, ಬೆಲೆ ಸುಮಾರು 300 ಕೋಟಿ ರೂಪಾಯಿ ಎಂದರು. ಎರಡು ವಾರ ಕಳೆಯುವಷ್ಟರಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಮತ್ತು ಅಹಮದಾಬಾದ್ ಅಪರಾಧ ವಿಭಾಗದವರು ಸೇರಿ ಛತ್ರಪತಿ ಸಂಭಾಜಿನಗರ ಹಾಗೂ ಪೈಠಣ ಎಂಐಡಿಸಿಯಲ್ಲಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರದೇಶ) ದಾಳಿ ನಡೆಸಿದರು. ಕೊಕೇನ್, ಮೆಫೆಡ್ರೋನ್, ಕೆಟಮಿನ್ ಎಲ್ಲ ಸೇರಿ 250 ಕೋಟಿ ಮೀರಿದ ಲೆಕ್ಕ ಹೊರಬಿತ್ತು. ಅದೇ ತಿಂಗಳು ಸೋಲಾಪುರದ ಚಿಂಚೋಳಿ ಎಂಐಡಿಸಿಯ ಸರದಿ. 2024ರ ಫೆಬ್ರವರಿಯಲ್ಲಿ ಪುಣೆ ಜಿಲ್ಲೆಯ ಕುರ್ಕುಂಭ ಎಂಐಡಿಸಿಯ ಜಾಲ ಬಯಲಾದಾಗ ಲೆಕ್ಕ ಸಾವಿರಾರು ಕೋಟಿಗೆ ಏರಿತು.

ಕಿಲೋಗಳ ಲೆಕ್ಕ ಸಿಕ್ಕಿತು, ಕೋಟಿಗಳ ಲೆಕ್ಕವೂ ಸಿಕ್ಕಿತು. ಆ ಮಾಲನ್ನು ಮೂಗಿಗೇರಿಸಿ, ನುಂಗಿ, ಕೊನೆಗೆ ಬಿಡಬೇಕೆಂದು ವ್ಯಸನಮುಕ್ತಿ ಕೇಂದ್ರದ ಮೆಟ್ಟಿಲು ಹತ್ತಿದ ಹುಡುಗರ ಲೆಕ್ಕ ಮಾತ್ರ ಯಾರ ಕಡತದಲ್ಲೂ ಇಲ್ಲ. ಕೇಂದ್ರದಿಂದ ಹೊರಬಂದ ಮೇಲೆ ಅವರು ಏನಾದರು, ಎಷ್ಟು ಜನ ಮೂರು ತಿಂಗಳೊಳಗೆ ಮತ್ತೆ ಜಾರಿದರು ಎಂದು ಕೇಳುವವರೇ ಇಲ್ಲ. ಈ ಸಂಪಾದಕೀಯದ ಕಾಳಜಿ ಆ ತೊಂಬತ್ತು ದಿನಗಳದ್ದು. ಮುಂದಿನ ಅನಾಹುತ ಹೊಗೆಯಾಡುತ್ತಿರುವುದು ಅಲ್ಲೇ.

ವಾಳೂಜ್ ಎಂಬ ಹೆಸರು ಕನ್ನಡದ ಓದುಗರಿಗೆ ಅಷ್ಟಾಗಿ ಪರಿಚಯವಿರಲಿಕ್ಕಿಲ್ಲ. ಛತ್ರಪತಿ ಸಂಭಾಜಿನಗರದಿಂದ ಪುಣೆ ದಾರಿ ಹಿಡಿದರೆ ನಗರ ಮುಗಿಯುತ್ತಿದ್ದಂತೆ ಸಿಗುವ ಕೈಗಾರಿಕಾ ಪ್ರದೇಶ ಅದು. 1985ರಲ್ಲಿ ಬಜಾಜ್ ಆಟೋ ಘಟಕ ಅಲ್ಲಿ ಶುರುವಾಯಿತು. ಬಿಡಿಭಾಗ ಮಾಡುವ ನೂರಾರು ಸಣ್ಣ ಕಾರ್ಖಾನೆಗಳು ಅದರ ಬೆನ್ನಿಗೆ ಬಂದವು. ಔಷಧ, ರಾಸಾಯನಿಕ, ಮದ್ಯದ ಘಟಕಗಳೂ ಸೇರಿಕೊಂಡವು. ಬಜಾಜ್ ನಗರ, ಪಂಢರಪುರ, ರಾಂಜಣಗಾಂವ್ ಎಂಬ ಹಳ್ಳಿ-ಬಡಾವಣೆಗಳು ಬಾಡಿಗೆ ಖೋಲಿಗಳ ಊರಾದವು. ಮರಾಠವಾಡದ ಒಣಬೇಸಾಯ ಬಿಟ್ಟು ಬಂದವರು, ಬಿಹಾರ-ಉತ್ತರ ಪ್ರದೇಶದವರು, ಐಟಿಐ ಮುಗಿಸಿದ ಹದಿಹರೆಯದವರು ಒಂದೇ ಖೋಲಿಯಲ್ಲಿ ನಾಲ್ಕೈದು ಮಂದಿ. ಅವರ ಕೆಲಸ ಗುತ್ತಿಗೆಯದು, ಪಾಳಿ ವಾರಕ್ಕೊಮ್ಮೆ ಬದಲು, ಪಗಾರ ತಿಂಗಳ ಎರಡನೇ ವಾರದಲ್ಲಿ. ದುಡಿಮೆ ಇದೆ, ಕೈಯಲ್ಲಿ ಕಾಸಿದೆ, ಕೇಳುವ ಹಿರಿಯರು ಹತ್ತಿರದಲ್ಲಿಲ್ಲ.

ಇಂಥ ಊರಿಗೆ ನಶೆ ಬರಲು ಕೊಕೇನ್ ಬೇಕಿಲ್ಲ. ಸಂಭಾಜಿನಗರದ ಗಲ್ಲಿಗಳಲ್ಲಿ 'ಬಟನ್' ಅಂದರೆ ನಿದ್ದೆಗುಳಿಗೆ, ಹೆಚ್ಚಾಗಿ ನೈಟ್ರಾಜೆಪಾಮ್. ನಾಸಿಕ್ ಜಿಲ್ಲೆಯ ಮಾಲೇಗಾಂವ್‌ನಲ್ಲಿ ಆಲ್ಪ್ರಜೋಲಾಮ್‌ಗೆ 'ಕುತ್ತಾ ಗೋಲಿ' ಎಂಬ ಹೆಸರು. ಇವುಗಳ ಜೊತೆ ಕೊಡೀನ್ ಬೆರೆತ ಕೆಮ್ಮಿನ ಸಿರಪ್, ಎಲ್ಲಕ್ಕೂ ಮೇಲೆ ಎಂ.ಡಿ. ಎಂದು ಕರೆಸಿಕೊಳ್ಳುವ ಮೆಫೆಡ್ರೋನ್. ಭಾರತ 2015ರಲ್ಲೇ ಮೆಫೆಡ್ರೋನನ್ನು ಮಾದಕವಸ್ತು ಕಾಯ್ದೆಯಡಿ ತಂದಿತು. ಆದರೂ ಅದು ಅಫೀಮಿನಂತೆ ಹೊಲದಲ್ಲಿ ಬೆಳೆಯುವ ವಸ್ತುವಲ್ಲ, ರಾಸಾಯನಿಕ ಘಟಕದಲ್ಲಿ ತಯಾರಾಗುವಂಥದ್ದು. ಬಾಗಿಲು ಮುಚ್ಚಿದ ಕಾರ್ಖಾನೆ, ಬಾಡಿಗೆಗೆ ಕೊಟ್ಟ ಶೆಡ್ಡು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಅದು ಬೇರುಬಿಡಬಹುದು. ತಯಾರಾಗುವ ಜಾಗವೂ ಎಂಐಡಿಸಿ, ಗಿರಾಕಿ ಸಿಗುವ ಜಾಗವೂ ಎಂಐಡಿಸಿ ಎಂಬುದೇ ಈ ಪಟ್ಟಿಯ ಭಯ ಹುಟ್ಟಿಸುವ ಸಂಗತಿ.

ಇದೆಲ್ಲ ಮಹಾರಾಷ್ಟ್ರದ ಪಾಡು, ನಮಗೇನು ಎಂದುಕೊಳ್ಳುವಂತಿಲ್ಲ. ನಾಸಿಕ್ ಪ್ರಕರಣದ ಮುಖ್ಯ ಆರೋಪಿ ಪುಣೆಯ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಕೊನೆಗೆ ಸಿಕ್ಕಿಬಿದ್ದದ್ದು ಬೆಂಗಳೂರಿನ ಸಮೀಪ. ಶಿಂದೆ ಗ್ರಾಮದಲ್ಲಿ ದಾಳಿ ಮಾಡಿದ್ದ ಅದೇ ಸಾಕಿನಾಕಾ ಠಾಣೆಯವರು 2025ರ ಜುಲೈನಲ್ಲಿ ಮೈಸೂರಿಗೆ ಬಂದು ಮೆಫೆಡ್ರೋನ್ ಘಟಕ ಭೇದಿಸಿದರು. ಆ ಪ್ರಕರಣದ ಮಾಲಿನ ಬೆಲೆ ಸುಮಾರು 390 ಕೋಟಿ ಎಂದರು. ಅದೇ ವರ್ಷದ ಫೆಬ್ರವರಿಯಲ್ಲಿ ತುಳಜಾಪುರ ತಾಲ್ಲೂಕಿನ ತಾಮಲವಾಡಿಯಲ್ಲಿ ಎಂ.ಡಿ. ಸಿಕ್ಕಿತ್ತು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಎಷ್ಟೋ ಮನೆತನಗಳು ವರ್ಷಕ್ಕೊಮ್ಮೆ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಹೋಗುವ ದಾರಿ ಅದು. ಸಂಭಾಜಿನಗರವನ್ನು ಹಾದುಬರುವ ರಾಷ್ಟ್ರೀಯ ಹೆದ್ದಾರಿ 52 ಬೀಡ್, ಸೋಲಾಪುರ ದಾಟಿ ವಿಜಯಪುರ, ಹುಬ್ಬಳ್ಳಿಗಳ ಮೂಲಕ ಅಂಕೋಲೆ ಮುಟ್ಟುತ್ತದೆ. ಕೂಲಿಗೆ ಹೋಗುವವರೂ ಮಾಲು ಸಾಗಿಸುವವರೂ ಹಿಡಿಯುವುದು ಅದೇ ದಾರಿಯನ್ನು.

ಹಾಗಿದ್ದರೆ ಎಚ್ಚರಿಕೆ ಯಾವುದರ ಬಗ್ಗೆ? ಮಾಲು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನಾವು ಹೇಳಬೇಕಾದದ್ದು ಬೇರೆ. ನಶೆ ಬಿಟ್ಟು ಬಂದವನು ಮತ್ತೆ ಜಾರುವುದನ್ನು ನಾವು ಅನಿರೀಕ್ಷಿತ ದ್ರೋಹ ಎಂಬಂತೆ ಕಾಣುತ್ತೇವೆ. ವೈದ್ಯಶಾಸ್ತ್ರ ಅದನ್ನು ಹಾಗೆ ಕಾಣುವುದಿಲ್ಲ. ಅಮೆರಿಕದ ಸಂಶೋಧಕರ ತಂಡವೊಂದು 2000ದಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲೆಡೆ ಉಲ್ಲೇಖವಾಗುವ ಹೋಲಿಕೆಯ ಪ್ರಕಾರ, ಚಿಕಿತ್ಸೆ ಪಡೆದ ವ್ಯಸನಿಗಳಲ್ಲಿ ಒಂದು ವರ್ಷದೊಳಗೆ ಮರಳಿ ಜಾರುವವರು ಶೇ 40ರಿಂದ 60. ರಕ್ತದೊತ್ತಡ ಮತ್ತು ಆಸ್ತಮಾ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣ ಶೇ 50ರಿಂದ 70. ಬಿ.ಪಿ. ಮತ್ತೆ ಏರಿದ ಅಪ್ಪನಿಗೆ ನಾವು ಗುಳಿಗೆ ಬದಲಿಸಿ ಕೊಡಿಸುತ್ತೇವೆ. ಮತ್ತೆ ಬಟನ್ ನುಂಗಿದ ಮಗನನ್ನು ಮನೆಯಿಂದ ಹೊರಹಾಕುತ್ತೇವೆ. ಅರ್ಧದಷ್ಟು ಜನರಿಗೆ ಆಗಿಯೇ ಆಗುತ್ತದೆ ಎಂದು ಮೊದಲೇ ಗೊತ್ತಿರುವ ಸಂಗತಿಗೆ ಸಿದ್ಧತೆ ಇಲ್ಲದಿರುವುದು ರೋಗಿಯ ತಪ್ಪಲ್ಲ. ಅದು ವ್ಯವಸ್ಥೆಯ ತಪ್ಪು.

ಹಳೆಯ ಖೋಲಿಗೆ ಮರಳುವುದೇ ಏಕೆ ಅಪಾಯ ಎಂಬುದಕ್ಕೆ ಅರ್ಧ ಶತಮಾನದ ಹಿಂದಿನ ಒಂದು ಅಧ್ಯಯನ ಚೆನ್ನಾಗಿ ಉತ್ತರ ಕೊಡುತ್ತದೆ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕನ್ ಸೈನಿಕರಲ್ಲಿ ಐವರಿಗೆ ಒಬ್ಬರಂತೆ ಅಲ್ಲಿ ಹೆರಾಯಿನ್‌ನಂಥ ಮಾದಕಗಳಿಗೆ ದಾಸರಾಗಿದ್ದುದಾಗಿ ಹೇಳಿಕೊಂಡಿದ್ದರು. ಅವರೆಲ್ಲ ಊರಿಗೆ ಬಂದರೆ ಗತಿಯೇನು ಎಂದು ದೇಶ ನಡುಗಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರನ್ನು ಹುಡುಕಿ ಮಾತಾಡಿಸಿದಾಗ ಕಂಡದ್ದು ಬೇರೆಯೇ ಚಿತ್ರ. ಅಲ್ಲಿ ದಾಸರಾಗಿದ್ದವರಲ್ಲಿ ಮರಳಿದ ಮೊದಲ ಹತ್ತು ತಿಂಗಳ ಹೊತ್ತಿಗೆ ಮತ್ತೆ ದಾಸರಾದವರು ಶೇ 5ರಷ್ಟು ಮಾತ್ರ. ಜಾಗ ಬದಲಾಗಿತ್ತು, ಜೊತೆಗಾರರು ಬದಲಾಗಿದ್ದರು, ದಿನಚರಿ ಬದಲಾಗಿತ್ತು. ನಶೆಯನ್ನು ನೆನಪಿಸುವ ಒಂದೂ ಮೂಲೆ ಅವರ ಸುತ್ತ ಉಳಿದಿರಲಿಲ್ಲ.

ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಹುಡುಗನನ್ನು ಊರಿಗೋ ಕೇಂದ್ರಕ್ಕೋ ಕರೆದೊಯ್ದು ಒಂದು ತಿಂಗಳು ಇಡುತ್ತಾರೆ. ಅಲ್ಲಿ ಅವನು ಚೆನ್ನಾಗಿಯೇ ಇರುತ್ತಾನೆ. ಮೈ ತುಂಬಿಕೊಳ್ಳುತ್ತದೆ, ಕಣ್ಣು ತಿಳಿಯಾಗುತ್ತದೆ. ಆಮೇಲೆ ಅವನನ್ನು ಅದೇ ಖೋಲಿಗೆ, ಅದೇ ಜೊತೆಗಾರರ ನಡುವೆ, ಅದೇ ರಾತ್ರಿ ಪಾಳಿಗೆ ಕಳಿಸುತ್ತಾರೆ. ಮಾಲು ಸಿಗುತ್ತಿದ್ದ ಪಾನ್ ಟಪರಿ ಅಲ್ಲೇ ಇದೆ. ಕೊಡುತ್ತಿದ್ದವನ ನಂಬರು ಫೋನಿನಲ್ಲೇ ಇದೆ. ಪಗಾರ ಬ್ಯಾಂಕಿಗೆ ಬಿದ್ದ ಮೆಸೇಜಿನ ಸದ್ದಿಗೇ ನಾಲಿಗೆ ಒಣಗುತ್ತದೆ. ಊರಿನಲ್ಲಿ ಒಂದು ತಿಂಗಳು ಬಾರದ ತಲಬು ಖೋಲಿಯ ಬೀಗ ತೆಗೆದ ಕೂಡಲೇ ಬಂತು ಎಂದರೆ ಅದು ಹುಡುಗನ ಮನೋಬಲದ ಕೊರತೆಯಲ್ಲ. ಮಿದುಳು ಆ ಜಾಗವನ್ನೂ ನಶೆಯನ್ನೂ ಜೋಡಿಸಿಟ್ಟುಕೊಂಡಿದೆ. ಅದನ್ನು ಬಿಡಿಸಲು ಕಾಲ ಬೇಕು, ಅಭ್ಯಾಸ ಬೇಕು, ಸಾಧ್ಯವಾದರೆ ಬೇರೆ ಖೋಲಿ ಬೇಕು.

ಜಾರುವಿಕೆ ಗುಳಿಗೆ ಬಾಯಿಗಿಟ್ಟ ಕ್ಷಣ ಶುರುವಾಗುವುದಿಲ್ಲ. ವಾರಗಳ ಮೊದಲೇ ಅದರ ಕುರುಹು ಕಾಣುತ್ತದೆ, ಅದಕ್ಕಾಗಿಯೇ ಮುನ್ನೆಚ್ಚರಿಕೆ ಸಾಧ್ಯ. ಮೊದಲು ಕೆಡುವುದು ನಿದ್ದೆ. ಆಮೇಲೆ ಊಟದ ಹೊತ್ತು ತಪ್ಪುತ್ತದೆ, ಸ್ನಾನ-ಬಟ್ಟೆಯ ಬಗ್ಗೆ ಉದಾಸೀನ ಬರುತ್ತದೆ, ಸಣ್ಣ ಮಾತಿಗೆ ಸಿಟ್ಟು ಉಕ್ಕುತ್ತದೆ. ವಾರದ ಸಭೆಗೆ ಒಂದು ನೆಪ, ಕೌನ್ಸೆಲರ್ ಫೋನಿಗೆ ಇನ್ನೊಂದು ನೆಪ. ಈ ಹಂತದಲ್ಲಿ ಅವನಿಗೇ ನಶೆಯ ಯೋಚನೆ ಇರುವುದಿಲ್ಲ. ಕೇಳಿದರೆ 'ಏನೂ ಇಲ್ಲ, ಸುಸ್ತು' ಎನ್ನುತ್ತಾನೆ, ಅದು ನಿಜವೂ ಹೌದು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರ ಮೇಲೆ ಕಣ್ಣಿಡಿ ಎಂದು ವ್ಯಸನಮುಕ್ತರ ಗುಂಪುಗಳು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತವೆ. ವಾಳೂಜ್‌ನ ರಾತ್ರಿ ಪಾಳಿಯ ಗುತ್ತಿಗೆ ಕೆಲಸಗಾರನಿಗೆ ಈ ನಾಲ್ಕೂ ಪ್ರತಿ ವಾರ ಒಟ್ಟಿಗೇ ಬರುತ್ತವೆ.

ಎರಡನೇ ಹಂತ ತಲೆಯೊಳಗಿನ ಚೌಕಾಸಿಯದು. ಹಳೆಯ ದಿನಗಳ ಮಜಾ ಮಾತ್ರ ನೆನಪಾಗುತ್ತದೆ, ಪೊಲೀಸ್ ಠಾಣೆಯ ರಾತ್ರಿ, ಅಮ್ಮ ಅಡವಿಟ್ಟ ಬಳೆ ನೆನಪಾಗುವುದಿಲ್ಲ. 'ಎಂ.ಡಿ. ಬಿಟ್ಟಿದ್ದೀನಿ, ಬಿಯರ್ ಒಂದೇ' ಎನ್ನುವುದು ಈ ಹಂತದ ಮಾತು. 'ಅವರ ಜೊತೆ ಕೂತರೂ ನನಗೇನೂ ಆಗಲ್ಲ, ಪರೀಕ್ಷೆ ಮಾಡಿ ನೋಡ್ತೀನಿ' ಎನ್ನುವುದೂ ಇದೇ ಹಂತದ್ದು. ಫೋನು ಮಗುಚಿ ಇಡುವುದು, ಇನ್ನೂರು-ಮುನ್ನೂರರ ಸಣ್ಣ ಸುಳ್ಳು, ಹಳೆಯ ಗೆಳೆಯನಿಗೆ 'ಸುಮ್ಮನೆ' ಮಾಡಿದ ಕರೆ ಇವೆಲ್ಲ ಈಗ ಸೇರಿಕೊಳ್ಳುತ್ತವೆ. ಮನೆಯವರು ತಡೆಯಬಹುದಾದ ಕೊನೆಯ ಅವಕಾಶ ಇದು. ಮೂರನೆಯದು ಕೈಗೆ ಮಾಲು ಬಂದ ಹಂತ. ನಮ್ಮ ಗಮನ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ, ಎಲ್ಲ ಬೈಗುಳವೂ ಇಲ್ಲೇ ಖರ್ಚಾಗುತ್ತದೆ.

ತಲಬಿನ ಬಗ್ಗೆ ಒಂದು ಮಾತು ಪ್ರತಿ ಹುಡುಗನಿಗೂ ಗೊತ್ತಿರಬೇಕು. ಅದು ಏರುತ್ತಲೇ ಹೋಗಿ ತಲೆ ಒಡೆಯುತ್ತದೆ ಎಂದು ಅವನು ನಂಬಿರುತ್ತಾನೆ. ವಾಸ್ತವದಲ್ಲಿ ಒಂದೊಂದು ಉಬ್ಬರ ಸಾಮಾನ್ಯವಾಗಿ ಇಪ್ಪತ್ತು-ಮೂವತ್ತು ನಿಮಿಷದಲ್ಲಿ ಇಳಿಯುತ್ತದೆ. ಆ ಅರ್ಧ ಗಂಟೆ ದಾಟಿಸುವುದೇ ಕೆಲಸ. ಜಾಗ ಬಿಟ್ಟು ಎದ್ದು ನಡೆಯುವುದು, ಏನಾದರೂ ತಿನ್ನುವುದು, ಮೊದಲೇ ಗೊತ್ತುಮಾಡಿಕೊಂಡ ಒಬ್ಬ ಮನುಷ್ಯನಿಗೆ ಫೋನು ಹಚ್ಚುವುದು. ಪಗಾರದ ದಿನ ದುಡ್ಡು ಹೆಂಡತಿಯ ಅಥವಾ ತಾಯಿಯ ಖಾತೆಗೆ ಹೋಗುವಂತೆ ಅವನೇ ಒಪ್ಪಿ ಮಾಡಿಕೊಂಡರೆ ಅರ್ಧ ಯುದ್ಧ ಗೆದ್ದಂತೆ. ಕೊಡುವವನ ನಂಬರು ಅಳಿಸಿ ಸಿಮ್ ಬದಲಿಸಿದರೆ ಇನ್ನೂ ಒಳ್ಳೆಯದು.

ಇಷ್ಟಾದರೂ ಒಂದು ದಿನ ಜಾರಿದ ಎನ್ನೋಣ. ಆಗ ಮನಸ್ಸು ಆಡುವ ಆಟವನ್ನು ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲೇ ಗುರುತಿಸಿದ್ದ. 'ಆಣೆ ಮುರಿಯಿತು, ನಾನು ಇಷ್ಟೇ, ಇನ್ನು ಹೇಗಿದ್ದರೇನು' ಎಂಬ ನಾಚಿಕೆ ಒಂದು ರಾತ್ರಿಯ ಜಾರುವಿಕೆಯನ್ನು ಒಂದು ವರ್ಷದ ಪತನವಾಗಿ ಮಾಡುತ್ತದೆ. ದೇವರ ಮುಂದೆ ಆಣೆ ಇಡಿಸುವ, ಮಕ್ಕಳ ತಲೆ ಮುಟ್ಟಿಸುವ ನಮ್ಮ ರೂಢಿ ಇಲ್ಲಿ ತಿರುಗುಬಾಣವಾಗುತ್ತದೆ. ಆಣೆ ದೊಡ್ಡದಾದಷ್ಟೂ ಮುರಿದಾಗಿನ ಅವಮಾನ ದೊಡ್ಡದು, ಬಚ್ಚಿಡುವ ಆಸೆಯೂ ದೊಡ್ಡದು. ಬಚ್ಚಿಟ್ಟವನನ್ನು ಕಾಪಾಡುವುದು ಕಷ್ಟ. ಆದ್ದರಿಂದ ಮನೆಯಲ್ಲಿ ಮೊದಲೇ ಒಂದು ಒಪ್ಪಂದವಿರಲಿ: ಜಾರಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಹೇಳಬೇಕು, ಹೇಳಿದರೆ ಕೂಗಾಟವಿಲ್ಲ, ನೇರ ವೈದ್ಯರ ಹತ್ತಿರ.

ಜಾರಿ ಎದ್ದವರಿಂದಲೇ ಈ ಕ್ಷೇತ್ರ ಕಟ್ಟಿಕೊಂಡಿದೆ ಎಂಬುದನ್ನೂ ಹೇಳಬೇಕು. ಆಲ್ಕೋಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುದಿನವೆಂದು ಲೆಕ್ಕ ಹಾಕುವುದು 1935ರ ಜೂನ್ 10ನ್ನು. ಅದು ಸಹಸಂಸ್ಥಾಪಕ ಡಾ. ಬಾಬ್ ಕೊನೆಯ ಬಾರಿ ಕುಡಿದ ದಿನ. ಅದಕ್ಕೆ ಕೆಲವೇ ವಾರಗಳ ಹಿಂದೆ ಕುಡಿತ ಬಿಟ್ಟಿದ್ದ ಆ ವೈದ್ಯ ಒಂದು ಸಮ್ಮೇಳನಕ್ಕೆ ಹೋಗಿ ಮತ್ತೆ ಜಾರಿದ್ದ. ಅಂದು ಇನ್ನೊಬ್ಬ ಸಹಸಂಸ್ಥಾಪಕ, ಗೆಳೆಯ ಬಿಲ್ ಅವನ ಕೈಬಿಟ್ಟಿದ್ದರೆ ಜಗತ್ತಿನ ಮೂಲೆಮೂಲೆಯಲ್ಲಿ ಇಂದು ನಡೆಯುವ ಆ ಸಭೆಗಳು ಇರುತ್ತಿರಲಿಲ್ಲ.

ನಾಚಿಕೆಗಿಂತ ದೊಡ್ಡ ಅಪಾಯ ಸಾವಿನದು, ಇದನ್ನು ಸುತ್ತಿಬಳಸದೆ ಹೇಳುತ್ತೇವೆ. ಕೆಲವು ವಾರ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಅವನ ಕೈ ಮಾತ್ರ ಹಳೆಯ ಲೆಕ್ಕದಲ್ಲೇ ತೆಗೆದುಕೊಳ್ಳುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲ ಎರಡು ವಾರಗಳಲ್ಲಿ ಮಾದಕದ ಅತಿಸೇವನೆಯಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 129 ಪಟ್ಟು ಎಂದು ಕಂಡುಕೊಂಡಿತು. ಜೈಲಾದರೂ ಕೇಂದ್ರವಾದರೂ ದೇಹದ ಲೆಕ್ಕ ಒಂದೇ. ಹೆರಾಯಿನ್, ಕೊಡೀನ್, ನೋವಿನ ಗುಳಿಗೆಗಳ ಜೊತೆ ಬಟನ್ ಅಥವಾ ಮದ್ಯ ಸೇರಿದರೆ ಉಸಿರು ನಿಲ್ಲಬಹುದು. ಹುಡುಗ ಎಬ್ಬಿಸಿದರೂ ಏಳದೆ ಗೊರಗೊರ ಸದ್ದು ಮಾಡುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, 'ಮಲಗಲಿ, ಬೆಳಿಗ್ಗೆ ಇಳಿಯುತ್ತೆ' ಎಂದು ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಅಫೀಮು ಜಾತಿಯ ಮಾದಕಕ್ಕೆ ನಲೋಕ್ಸೋನ್ ಎಂಬ ಪ್ರತಿಮದ್ದಿದೆ, ಅದು ಹೊತ್ತಿಗೆ ಸಿಗಬೇಕಷ್ಟೆ.

ಬಟನ್ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ದಿನವೂ ಹಲವು ನಿದ್ದೆಗುಳಿಗೆ ನುಂಗುತ್ತಿದ್ದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಅದನ್ನು ವೈದ್ಯರೇ ವಾರಗಟ್ಟಲೆ ಇಳಿಸುತ್ತ ಬಿಡಿಸಬೇಕು. ಎಂ.ಡಿ. ಬಿಟ್ಟವರಲ್ಲಿ ಅಪಾಯದ ರೂಪ ಬೇರೆ. ಮೊದಲ ದಿನಗಳಲ್ಲಿ ಮನಸ್ಸು ಕತ್ತಲಲ್ಲಿ ಮುಳುಗುತ್ತದೆ, ಯಾವುದರಲ್ಲೂ ರುಚಿ ಇರುವುದಿಲ್ಲ, ಬದುಕು ಸಾಕೆನಿಸುತ್ತದೆ. 'ಬಿಟ್ಟನಲ್ಲ, ಸರಿಹೋದ' ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿನಲ್ಲೇ ಅವನನ್ನು ಒಂಟಿಯಾಗಿ ಬಿಡಬಾರದು. ಅಫೀಮು ಜಾತಿಯ ಚಟಕ್ಕೆ ಬುಪ್ರೆನಾರ್ಫಿನ್‌ನಂಥ ಔಷಧಗಳಿವೆ. ಮೆಫೆಡ್ರೋನ್‌ಗೆ ಅಂಥ ನಿಶ್ಚಿತ ಮದ್ದಿಲ್ಲ. ಅಲ್ಲಿ ಕೆಲಸ ಮಾಡುವುದು ನಿರಂತರ ಆಪ್ತಸಮಾಲೋಚನೆ, ನಿಯಮಿತ ಪರೀಕ್ಷೆ, ಬಿಟ್ಟ ಪ್ರತಿ ವಾರಕ್ಕೂ ಸಣ್ಣದೊಂದು ಮೆಚ್ಚುಗೆ. ಅಂದರೆ ಕೇಂದ್ರದಿಂದ ಹೊರಬಂದ ಮೇಲಿನ ಒಡನಾಟವೇ ಚಿಕಿತ್ಸೆ.

ಆ ಒಡನಾಟದ ಮಾದರಿಗಳು ನಮ್ಮ ಸುತ್ತಲೇ ಇವೆ. 1980ರ ದಶಕದಲ್ಲಿ ಬ್ರೌನ್ ಶುಗರ್ ಮಹಾರಾಷ್ಟ್ರವನ್ನು ನುಂಗುತ್ತಿದ್ದಾಗ ಲೇಖಕ ಅನಿಲ್ ಅವಚಟ್ ಮತ್ತು ಅವರ ಪತ್ನಿ, ಮನೋವೈದ್ಯೆ ಡಾ. ಅನಿತಾ ಅವಚಟ್ ಪುಣೆಯಲ್ಲಿ 'ಮುಕ್ತಾಂಗಣ' ಕಟ್ಟಿದರು. ಸಾಹಿತಿ ಪು.ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಶುರುವಾದ ಆ ಕೇಂದ್ರ ಹೊರಬಂದವರ ಹಿಂಬಾಲಿಕೆಗೆ ಗುಂಪುಗಳನ್ನು ಮಾಡಿತು, ವ್ಯಸನಿಗಳ ಹೆಂಡಂದಿರಿಗಾಗಿ 'ಸಹಚರಿ' ಎಂಬ ಗುಂಪನ್ನೂ ಕಟ್ಟಿತು. ಜಾರುವಿಕೆಯ ಕುರುಹನ್ನು ಮೊದಲು ಕಾಣುವವಳು ಹೆಂಡತಿ ಎಂಬ ತಿಳಿವಳಿಕೆ ಅದರ ಹಿಂದಿದೆ. ನಮ್ಮಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರಿಗೆ 'ನವಜೀವನ ಸಮಿತಿ'ಗಳಿವೆ. ಶಿಬಿರ ಮುಗಿದ ಮೇಲೂ ಒಂದೇ ಊರಿನ ನಾಲ್ಕು ಜನ ಕೂತು 'ಈ ವಾರ ಹೇಗಿದ್ದೆ' ಎಂದು ಕೇಳುವ ವ್ಯವಸ್ಥೆ ಅದು. ಮದ್ಯಕ್ಕೆ ಇರುವ ಈ ಹಿಂಬಾಲಿಕೆ ಗುಳಿಗೆಗೆ, ಎಂ.ಡಿ.ಗೆ ಇಲ್ಲ. ಕೈಗಾರಿಕಾ ಬಡಾವಣೆಗಳಲ್ಲಂತೂ ಇಲ್ಲವೇ ಇಲ್ಲ. ವಲಸಿಗನಿಗೆ ಊರಿಲ್ಲ, ಊರಿಲ್ಲದವನಿಗೆ ಸಮಿತಿ ಎಲ್ಲಿಂದ ಬರಬೇಕು?

ಇಲ್ಲಿ ಕಾರ್ಖಾನೆಗಳ ಹೊಣೆ ಶುರುವಾಗುತ್ತದೆ. ಮಾದರಿ ಸ್ಥಾಯಿ ಆದೇಶಗಳ ಪ್ರಕಾರ ರಜೆಯಿಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಗೈರಾಗುವುದು ದುರ್ನಡತೆ. ಗುಟ್ಟಾಗಿ ಒಂದು ತಿಂಗಳು ಕೇಂದ್ರಕ್ಕೆ ಸೇರಿದವನು ಹೊರಬರುವ ಹೊತ್ತಿಗೆ ಕೆಲಸ ಕಳೆದುಕೊಂಡಿರುತ್ತಾನೆ. ಗುತ್ತಿಗೆಯವನಿಗೆ ಆ ವಿಚಾರಣೆಯೂ ಇಲ್ಲ, ಮರುದಿನ ಗೇಟ್‌ಪಾಸ್ ಕೆಲಸ ಮಾಡುವುದಿಲ್ಲ ಅಷ್ಟೇ. ಕೆಲಸ ಹೋದದ್ದೇ ಎಷ್ಟೋ ಜನರ ಮೊದಲ ಜಾರುವಿಕೆಗೆ ಕಾರಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಹೊರತಂದ ಸಂಹಿತೆಯಲ್ಲಿ ಕೆಲಸದ ಜಾಗದ ಮಾದಕ ಸಮಸ್ಯೆಯನ್ನು ಆರೋಗ್ಯದ ಸಮಸ್ಯೆಯಾಗಿ ಕಾಣಬೇಕೆಂದು ಹೇಳಿದೆ. ಇಎಸ್ಐ ವ್ಯಾಪ್ತಿಯ ಕೆಲಸಗಾರನಿಗೆ ಕಾಯಿಲೆಯ ಪ್ರಮಾಣಪತ್ರವಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70 ಸಿಗುತ್ತದೆ. ವ್ಯಸನದ ಚಿಕಿತ್ಸೆಗೂ ಅದರ ನಂತರದ ತೊಂಬತ್ತು ದಿನಕ್ಕೂ ಈ ಸೌಲಭ್ಯ ಮುಜುಗರವಿಲ್ಲದೆ ಸಿಗುವಂತೆ ಇಎಸ್ಐ ಸ್ಪಷ್ಟ ಆದೇಶ ಹೊರಡಿಸಬೇಕು. ಕಾರ್ಖಾನೆಗಳು ಮರಳಿ ಬಂದವನನ್ನು ಮೂರು ತಿಂಗಳು ರಾತ್ರಿ ಪಾಳಿಯಿಂದ ದೂರವಿಡಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಮೇಲ್ವಿಚಾರಕನ ಒಂದು ಸಹಿ ಸಾಕು.

ಕಾನೂನಿನ ಬಗ್ಗೆ ಮನೆಗಳಲ್ಲಿ ಇರುವ ಭಯ ಅರ್ಧ ಅಜ್ಞಾನದ್ದು. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಆದರೆ ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಈ ರಕ್ಷಣೆಯನ್ನು ಹಿಂಪಡೆಯಬಹುದು. ನಮ್ಮ ಆತಂಕ ಇಲ್ಲಿದೆ. ಮರಳಿ ಜಾರಿದವನನ್ನು ಚಿಕಿತ್ಸೆ ಮುಗಿಸದವನೆಂದು ಪೊಲೀಸರು ಓದಿದರೆ ಜಾರಿದ ಯಾರೂ ಆಸ್ಪತ್ರೆಗೆ ಬರಲಾರರು. ಜಾರಿ ಮತ್ತೆ ಬಂದದ್ದನ್ನೂ ಚಿಕಿತ್ಸೆಯ ಭಾಗವೆಂದೇ ಪರಿಗಣಿಸಬೇಕೆಂದು ಎರಡೂ ರಾಜ್ಯಗಳ ಗೃಹ ಇಲಾಖೆಗಳು ಸುತ್ತೋಲೆ ಹೊರಡಿಸಲಿ.

ಇನ್ನೊಂದು ಕಡೆ, ಹತಾಶ ಅಪ್ಪ-ಅಮ್ಮಂದಿರ ದುಡ್ಡಿನ ಮೇಲೆ ಬದುಕುವ, ಕಟ್ಟಿಹಾಕಿ ಹೊಡೆಯುವ 'ಕೇಂದ್ರ'ಗಳಿವೆ. ರಾತ್ರೋರಾತ್ರಿ ಗಾಡಿ ತಂದು ಹುಡುಗನನ್ನು ಎತ್ತಿಹಾಕಿಕೊಂಡು ಹೋಗುವುದು ಅವರ ಸೇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ-ಮಾದಕ ವ್ಯಸನದ ಜೊತೆಗಿನ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ತಂದಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ, ಕೇಂದ್ರಗಳ ನೋಂದಣಿಯನ್ನು ಕಡ್ಡಾಯ ಮಾಡಿದೆ. ಹೊಡೆತ ತಿಂದು ಬಂದವನು ಜಾರಿದಾಗ ಮತ್ತೆ ಯಾವ ಕೇಂದ್ರಕ್ಕೂ ಹೋಗಲು ಒಪ್ಪುವುದಿಲ್ಲ. ನಿಜವಾದ ಚಿಕಿತ್ಸೆಯ ಬಾಗಿಲನ್ನೂ ಇಂಥ ಕೇಂದ್ರಗಳು ಮುಚ್ಚಿಬಿಡುತ್ತವೆ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ವ್ಯಸನಿಗಳಲ್ಲಿ 38ಕ್ಕೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿರುವುದಾಗಿ ಹೇಳಿದ್ದರು. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ನಶಾಮುಕ್ತ ಭಾರತ ಅಭಿಯಾನ ಶುರುವಾಯಿತು. ಪ್ರತಿಜ್ಞೆ, ಮೆರವಣಿಗೆ, ಗೋಡೆಬರಹ ಬೇಕಾದಷ್ಟು ಆಗಿವೆ. ಜಿಲ್ಲಾಡಳಿತಗಳಿಂದ ಈಗ ಕೇಳಬೇಕಾದದ್ದು ಒಂದೇ ಅಂಕಿ: ಮೂರು ತಿಂಗಳ ಹಿಂದೆ ಕೇಂದ್ರಗಳಿಂದ ಹೊರಬಂದವರಲ್ಲಿ ತೊಂಬತ್ತನೇ ದಿನಕ್ಕೂ ಸಂಪರ್ಕದಲ್ಲಿರುವವರು ಎಷ್ಟು? ವಾಳೂಜ್‌ನಿಂದ ಸಂಭಾಜಿನಗರದ ಘಾಟಿ ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ಸಂಜೆ ಏಳರ ಮೇಲೆ, ಪಾಳಿ ಬದಲಾಗುವ ಹೊತ್ತಿಗೆ, ಎಂಐಡಿಸಿಯೊಳಗೇ ಒಂದು ಹಿಂಬಾಲಿಕೆ ಕ್ಲಿನಿಕ್ ತೆರೆದರೆ ಹುಡುಗರು ಬರುತ್ತಾರೆ. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳ 'ಮನೋಚೈತನ್ಯ' ಮಂಗಳವಾರದ ಕ್ಲಿನಿಕ್‌ಗಳಿವೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಪೀಣ್ಯ, ಹುಬ್ಬಳ್ಳಿ, ಬೀದರ್‌ನ ಕೈಗಾರಿಕಾ ಪ್ರದೇಶಗಳಿಗೆ ವಾರಕ್ಕೊಂದು ಸಂಜೆ ಇವುಗಳ ವೈದ್ಯರು ಬರುವಂತಾದರೆ ವಾಳೂಜ್‌ನ ಪಾಠವನ್ನು ನಾವು ಬೆಲೆ ತೆರದೆ ಕಲಿತಂತೆ.

ಓದುಗರಿಗೆ ಕೊನೆಯ ಮಾತು. ನಿಮ್ಮ ಮನೆಯಲ್ಲಿ ನಶೆ ಬಿಟ್ಟು ಬಂದವರಿದ್ದರೆ ಇವತ್ತೇ ಮೂರು ಕೆಲಸ ಮಾಡಿ. ಅವನ ನಿದ್ದೆ, ಊಟ, ಸಿಟ್ಟು ಬದಲಾಗುತ್ತಿದೆಯೇ ಎಂದು ಗಮನಿಸುವ ಒಬ್ಬರನ್ನು ಗೊತ್ತುಮಾಡಿ. ಜಾರಿದರೆ ಯಾರಿಗೆ ಮೊದಲು ಹೇಳಬೇಕು, ಯಾವ ವೈದ್ಯರ ಬಳಿ ಹೋಗಬೇಕು ಎಂದು ಅವನೊಂದಿಗೇ ಕೂತು ಬರೆದಿಡಿ. ಎರಡು ನಂಬರುಗಳನ್ನು ಫೋನಿನಲ್ಲಿ ಉಳಿಸಿಕೊಳ್ಳಿ: ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಕನ್ನಡದಲ್ಲೂ ಮಾತಾಡುವ ಟೆಲಿ ಮಾನಸ್ 14416. ಎರಡೂ ಉಚಿತ. ಎರಡನೇ ಸಲ ಜಾರಿದವನನ್ನೂ, ಐದನೇ ಸಲ ಜಾರಿದವನನ್ನೂ ಮೊದಲ ಸಲದಂತೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಬದುಕಿದ್ದರೆ ತಾನೇ ಬಿಡುವುದು.